ಕಾಲು ಮುಂದಾಗಿ ಹುಟ್ಟಿದವಳ ಕೀಲುಶಾಸ್ತ್ರ

ನಮ್ಮ ಓಣಿಯ ಹಿರಿಯರನ್ನು ಮೊದಲು ಕಾಲಿನಿಂದ ಮುಟ್ಟಿ, ಆಮೇಲೆ ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡುವ ಕೆಲಸವನ್ನು ನಾನು ಬುದ್ಧಿ ತಿಳಿಯುವ ಮೊದಲಿನಿಂದಲೂ ಮಾಡಿಕೊಂಡು ಬಂದಿದ್ದೇನೆ. ಇದರಲ್ಲಿ ನನ್ನ ಉದ್ಧಟತನವೇನೂ ಇಲ್ಲ. ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಹೊರಗೆ ಬಂತಂತೆ. ಹಾಗೆ ಹುಟ್ಟಿದವರ ಕಾಲು ತಾಕಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಕೊಡ ಎತ್ತುವಾಗಲೋ ಜೋಳದ ಚೀಲ ಸರಿಸುವಾಗಲೋ ಯಾರದಾದರೂ ಬೆನ್ನು ಕಳಕ್ ಎಂದರೆ, ಅವರು ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಪ್ರಶ್ನಾರ್ಥಕ ಚಿಹ್ನೆಯ ಆಕಾರದಲ್ಲಿ ನಮ್ಮ ಮನೆಗೆ ಬರುತ್ತಿದ್ದರು.

“ಕೂಸ ಎದ್ದೈತೇನವಾ? ಟೊಂಕಾ ಹಿಡದೈತಿ,” ಎಂದು ಹೊಸ್ತಿಲಾಚೆಯಿಂದಲೇ ಕೇಳುತ್ತಿದ್ದರು. ಅವ್ವ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ, ಕಾಲು ತೊಳೆಸಿ, ಅಂಗಳಕ್ಕೆ ಕರೆತರುತ್ತಿದ್ದಳು. ಬಂದವರು ಚಾಪೆಯ ಮೇಲೆ ಬೋರಲು ಮಲಗಿರುತ್ತಿದ್ದರು. ನಾನು ನಿದ್ದೆಗಣ್ಣಿನಲ್ಲಿ ಅವರ ಸೊಂಟಕ್ಕೆ ಹಿಮ್ಮಡಿ ತಾಕಿಸಿ, ಕೈ ಮುಗಿದು, ಒಳಗೆ ಹೋಗಿ ಮತ್ತೆ ಮಲಗುತ್ತಿದ್ದೆ. ನನ್ನ ಜೀವನದಲ್ಲಿ ಅಷ್ಟು ಕಡಿಮೆ ಮಾತಿನಲ್ಲಿ ಅಷ್ಟೊಂದು ಗೌರವ ಮತ್ತೆಂದೂ ಸಿಕ್ಕಿಲ್ಲ. ನಾನು ಮೊದಲಿನಿಂದಲೂ ಮಾತು ಕಡಿಮೆಯವಳು. ಬಾಯಿ ತೆರೆಯದೆ ಮಾಡಬಹುದಾದ ಸಮಾಜಸೇವೆ ಎಂದರೆ ಅದೊಂದೇ ಎಂದು ಆಗ ಅನ್ನಿಸುತ್ತಿತ್ತು.

ಮುಂದೆ ನಾನು ಓದಿದ್ದು ಫಿಸಿಯೊಥೆರಪಿ. ಕಾಲಿನ ಖ್ಯಾತಿಗೂ ಈ ಆಯ್ಕೆಗೂ ಸಂಬಂಧವಿಲ್ಲ ಎಂದು ಎಷ್ಟು ಹೇಳಿದರೂ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಕೀಲುಗಳ ರಚನೆ, ಚಲನೆ, ಕಾಯಿಲೆಗಳ ಬಗ್ಗೆ ಓದಿ, ಪದವಿ ಪಡೆದು, ಕೊಪ್ಪಳದ ಒಂದು ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ಸೇರಿದೆ. ಗೋಡೆಯ ಮೇಲೆ ನನ್ನ ಪದವಿಪತ್ರ ತೂಗುತ್ತಿದೆ. ಅದನ್ನು ಓದಿದವರು ಈವರೆಗೆ ನಾನೊಬ್ಬಳೇ. ಬಂದವರ ಕಣ್ಣು ಮೇಜಿನ ಕೆಳಗೆ ಹೋಗುತ್ತದೆ. ಪರಿಚಯದ ಅಜ್ಜ ಒಬ್ಬರು ಬೆನ್ನಿಗೆ ಯಂತ್ರ ಹಚ್ಚಿಸಿಕೊಂಡು ಮಲಗಿದ್ದಾಗ ಮೆಲ್ಲಗೆ ಕೇಳಿದರು: “ಡಾಕ್ಟರವ್ವಾ, ಮಷೀನ ಹಚ್ಚು, ನಾ ಒಲ್ಲೆ ಅನ್ನಂಗಿಲ್ಲ. ನಿನ್ನ ಓದಿಗೂ ಮರ್ಯಾದಿ ಕೊಡಬೇಕಲ್ಲ. ಆದರ ಹೋಗೂಮುಂದ ಒಂದೀಟ ಕಾಲ ಮುಟ್ಟಿಸಿಬಿಡು.”

ಓದಿಗೆ ಕೊಡಬೇಕಾದ ಮರ್ಯಾದೆಯ ಪ್ರಮಾಣ ನನಗೆ ಆ ದಿನ ಸ್ಪಷ್ಟವಾಯಿತು.

ಆದರೂ ಓದಿದ್ದರಿಂದ ನಷ್ಟವಾಗಿಲ್ಲ. ಕೀಲುಗಳ ಬಗ್ಗೆ ತಿಳಿಯುತ್ತಾ ಹೋದಂತೆ, ಎಲುಬುಗಳಿಗೆ ನಾವು ಅಗತ್ಯಕ್ಕಿಂತ ಹೆಚ್ಚು ಬೆಲೆ ಕೊಟ್ಟಿದ್ದೇವೆ ಅನ್ನಿಸಿತು. ಗಟ್ಟಿಯಾಗಿ ನಿಂತವರಿಗೆ ಹೆಸರು, ನಡುವೆ ಬಾಗಿ ಹೊಂದಿಸಿಕೊಂಡು ಹೋಗುವವರಿಗೆ ಏನೂ ಇಲ್ಲ ಎನ್ನುವುದು ಮನೆಗಳಲ್ಲಿ ಇರುವ ಹಾಗೆ ದೇಹದಲ್ಲೂ ಇದೆ. ಎರಡು ಎಲುಬು ಕೂಡುವ ಜಾಗದಲ್ಲಿ ನುಣುಪಾದ ಮೃದ್ವಸ್ಥಿಯ ಲೇಪ. ಸುತ್ತಲೂ ಒಂದು ಚೀಲ. ಚೀಲದೊಳಗೆ ಬಂಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯಂತೆ ಜಾರುವ ತುಸು ದ್ರವ. ಇಷ್ಟೇ ಸಾಮಾನಿನಲ್ಲಿ ನಮ್ಮ ನಡೆ, ಕೂಡುವುದು, ಏಳುವುದು, ಮುನಿಸಿಕೊಂಡು ಮುಖ ತಿರುಗಿಸುವುದು ಎಲ್ಲ ನಡೆಯುತ್ತದೆ.

ಮುಖ ತಿರುಗಿಸುವ ಕೀಲಿನ ರಚನೆ ಬೀಸುಕಲ್ಲಿನದು. ಕೆಳಗಿನ ಕಲ್ಲಿನ ನಡುವೆ ಗೂಟ ಇರುತ್ತದಲ್ಲ, ಹಾಗೆಯೇ ಕುತ್ತಿಗೆಯ ಎರಡನೆಯ ಎಲುಬಿನಿಂದ ಒಂದು ಗೂಟ ಮೇಲೆದ್ದಿದೆ. ಮೊದಲನೆಯ ಎಲುಬು ತಲೆಯನ್ನು ಹೊತ್ತುಕೊಂಡು ಅದರ ಸುತ್ತ ತಿರುಗುತ್ತದೆ. ಮೊಣಕಾಲು ನೋಡಲು ಬಾಗಿಲಿನ ಬಿಜಾಗರಿಯಂತೆ ಮಡಚಿ ಬಿಚ್ಚುವ ಕೀಲು. ಆದರೆ ಪೂರ್ತಿ ನೆಟ್ಟಗಾಗುವ ಕೊನೆಯ ಕ್ಷಣದಲ್ಲಿ ಕಳ್ಳತನದಿಂದ ತುಸು ತಿರುಗಿ, ಚಿಲಕ ಹಾಕಿದಂತೆ ಭದ್ರವಾಗುತ್ತದೆ. ಸಂತೆಯಲ್ಲಿ ಎರಡು ಕೈಯಲ್ಲೂ ಚೀಲ ಹಿಡಿದು ಪರಿಚಯದವರೊಂದಿಗೆ ಗಂಟೆಗಟ್ಟಲೆ ನಿಂತು ಮಾತಾಡುವುದು ಆ ಚಿಲಕದಿಂದಲೇ ಸಾಧ್ಯ. ಹೆಬ್ಬೆರಳಿನ ಬುಡದ ಕೀಲು ಕುದುರೆಯ ಜೀನಿನ ಆಕಾರದ್ದು. ಒಂದೇ ಕೈಯಲ್ಲಿ ರೊಟ್ಟಿ ಮುರಿದು ಪಲ್ಯದ ಜೊತೆ ಬಾಯಿಗಿಡುವ ವಿದ್ಯೆಗೆ ಅದೇ ಆಧಾರ. ಇನ್ನು ತಲೆಬುರುಡೆಯ ಎಲುಬುಗಳ ನಡುವಿನ ಕೀಲುಗಳು ದೊಡ್ಡವರಾದ ಮೇಲೆ ಅಲ್ಲಾಡುವುದೇ ಇಲ್ಲ. ಕೆಲವರ ಜೊತೆ ವಾದ ಮಾಡುವಾಗ ನಾನು ಈ ಅಂಶವನ್ನು ನೆನೆದು ಸುಮ್ಮನಾಗುತ್ತೇನೆ.

ಕೆಲಸಕ್ಕೆ ಸೇರಿದ ಮೇಲೆ ಇನ್ನೊಂದು ಚಟ ಅಂಟಿತು. ರೋಗಿ ಊರು ಹೇಳುವ ಮೊದಲೇ ಕೀಲು ನೋಡಿ ತಾಲೂಕು ಊಹಿಸುವುದು. ಕೆಳಬೆನ್ನು ಹಿಡಿದುಕೊಂಡು ಬಂದ ಹೆಂಗಸು ಗಂಗಾವತಿ ಕಡೆಯವಳು, ಗದ್ದೆಯ ನೀರಿನಲ್ಲಿ ಬಾಗಿ ಭತ್ತದ ಸಸಿ ನೆಟ್ಟವಳು. ಮೊಣಕಾಲು ಎಂದರೆ ಕುಷ್ಟಗಿ, ತಾವರಗೇರಾದ ಒಣಹೊಲಗಳಲ್ಲಿ ಕುಕ್ಕರಗಾಲಲ್ಲಿ ಕೂತು ಕಸ ತೆಗೆದವಳು. ಎಡ ಮೊಣಕಾಲು ಮಾತ್ರ ಎಂದರೆ ಹಿಟ್ನಾಳದ ಹೆದ್ದಾರಿಯಲ್ಲಿ ಲಾರಿ ಓಡಿಸುವವರು. ಕ್ಲಚ್ ತುಳಿಯುವ ಕಾಲು ಅದು. ಕುತ್ತಿಗೆ ಎಂದರೆ ಕೊಪ್ಪಳದವರೇ, ಕಚೇರಿಯವರೋ ಮೊಬೈಲಿನವರೋ. ಈ ಊಹೆ ಅನೇಕ ಸಲ ತಪ್ಪುತ್ತದೆ. ತಪ್ಪಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲವಾದ್ದರಿಂದ ನನ್ನ ನಂಬಿಕೆಯೂ ಓಣಿಯವರ ನಂಬಿಕೆಯಷ್ಟೇ ಗಟ್ಟಿಯಾಗಿ ಉಳಿದಿದೆ.

ಹೆಗಲು ಮಾತ್ರ ಯಾವ ತಾಲೂಕಿಗೂ ಸೇರದ್ದು. ದೇಹದಲ್ಲಿ ಅದರಷ್ಟು ಸ್ವತಂತ್ರವಾದ ಕೀಲು ಇನ್ನೊಂದಿಲ್ಲ. ತೊಡೆಯ ಗುಂಡು ಆಳವಾದ ಬಟ್ಟಲಿನಲ್ಲಿ ಕೂತಿದ್ದರೆ, ತೋಳಿನ ಗುಂಡು ಚಪ್ಪಟೆ ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂತೆ. ಎಲ್ಲ ದಿಕ್ಕಿಗೂ ಹೊರಳುತ್ತದೆ. ಆ ಸ್ವಾತಂತ್ರ್ಯಕ್ಕೆ ಬೆಲೆಯಾಗಿ ಬೇಗ ಜಾರುತ್ತದೆ, ಬೇಗ ಮುನಿಯುತ್ತದೆ. ನಾನು ಹೇಳಹೊರಟದ್ದು ಅಂಥ ಒಂದು ಮುನಿದ ಹೆಗಲಿನ ವಿಷಯ.

ಅದು ನೀಲಮ್ಮತ್ತೆಯ ಬಲ ಹೆಗಲು. ನೀಲಮ್ಮತ್ತೆ ನನ್ನ ತಂದೆಯ ಅಕ್ಕ. ಯಲಬುರ್ಗಾದಲ್ಲಿ ಅವರದು ಬಟ್ಟೆ ಅಂಗಡಿ. ಮಾವ ಹೆಸರಿಗೆ ಗಲ್ಲೆಯ ಮೇಲೆ ಕೂತಿರುತ್ತಾರೆ, ವ್ಯಾಪಾರ ಅತ್ತೆಯದು. ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ತುರುಬು. ಕತ್ತಿನ ಮೇಲೆ ನಟ್ಟನಡುವೆ, ಒಂದು ಕೂದಲೂ ಆಚೀಚೆ ಆಗದ, ಎರಚಿದರೂ ನೀರು ನಿಲ್ಲದಂಥ ತುರುಬು. ಮನೆಯವರು ಏಳುವ ಮೊದಲೇ ಕಟ್ಟಿ ಮುಗಿದಿರುತ್ತಿತ್ತು. ಅತ್ತೆಯ ಕೂದಲು ಬಿಚ್ಚಿದ್ದನ್ನು ನಾನು ಚಿಕ್ಕಂದಿನಿಂದ ಒಮ್ಮೆಯೂ ನೋಡಿರಲಿಲ್ಲ.

ಒಂದು ದಿನ ಅತ್ತೆ ತಮ್ಮ ಸೊಸೆ ಸುಜಾತಕ್ಕನ ಜೊತೆ ಕೊಪ್ಪಳಕ್ಕೆ, ನಮ್ಮ ಮನೆಗೆ ಬಂದರು. ತಲೆಯ ಮೇಲೆ ಸೆರಗು. ಸೆರಗು ಜಾರಿದಾಗ ಅವ್ವನ ಕಣ್ಣು ಹಿಂದಕ್ಕೆ ಹೋಯಿತು. ತುರುಬು ಎಡಕ್ಕೆ ವಾಲಿತ್ತು.

“ಯಾಕ ವೈನಿ, ತುರಬ ಹಿಂಗ್ಯಾಕ ಆಗೇತಿ?” ಎಂದಳು ಅವ್ವ. ಗಂಡನ ಅಕ್ಕನನ್ನು ಅವಳು ವೈನಿ ಎಂದೇ ಕರೆಯುತ್ತಾಳೆ.

“ನನ್ನ ತಲಿ ನನ್ನ ಕೈಯಾಗ ಎಲ್ಲೈತಿ,” ಎಂದರು ಅತ್ತೆ. “ಬಲಗೈ ಕಿವಿ ಮಟಾನೂ ಏಳವಲ್ದು. ಈಗ ಇಕಿ ಹಿಕ್ಕತಾಳ. ಇಕಿ ಹಣಿಗಿ ಎಳದರ ನನ್ನ ಹುಬ್ಬು ಹಣಿ ಮ್ಯಾಲ ಏರತಾವು. ಅಂಗಡಿಗೆ ಬಂದವರು ‘ಯಾಕ ನೀಲಮ್ಮಾರ, ಗಾಬರಿ ಆಗೀರೇನು’ ಅಂತ ಕೇಳಾಕತ್ತ್ಯಾರ.”

ಸುಜಾತಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. “ಸಡ್ಲ ಕಟ್ಟಿದರ ‘ಕೂಳ ತಿಂದಿಲ್ಲೇನು, ಕೈಯಾಗ ಕಸುವಿಲ್ಲ’ ಅಂತಾರ್ರಿ. ಬಿಗದರ ಹುಬ್ಬಿನ ಸುದ್ದಿ ತಗೀತಾರ. ಎಷ್ಟ ಬಿಗೀಬೇಕು ಅನ್ನೂದ ದೇವರಿಗೇ ಗೊತ್ತ.”

ನಗೆಯ ಮಾತಾಗಿದ್ದರೂ ನಗು ಬರುವಂತಿರಲಿಲ್ಲ. ಆ ಅತ್ತೆ ಸೊಸೆ ಒಂದೇ ಮನೆಯಲ್ಲಿದ್ದರೂ ಅವರ ನಡುವೆ ಬೇಕಾದಷ್ಟೇ ಮಾತು. ಅಂಥವರ ಮುಂದೆ ದಿನಾ ಬೆಳಿಗ್ಗೆ ತಲೆ ಬಿಚ್ಚಿ ಕೂರುವುದೆಂದರೆ ಅತ್ತೆಗೆ ಏನು ಅನ್ನಿಸಿರಬಹುದೆಂದು ಊಹಿಸುವುದು ಕಷ್ಟವಿರಲಿಲ್ಲ. ಪರೀಕ್ಷೆ ಮಾಡಿದೆ. ತೋಳು ಮುಂದಕ್ಕೆ ಸ್ವಲ್ಪ ಏಳುತ್ತಿತ್ತು. ಹೊರಕ್ಕೆ ತಿರುಗುತ್ತಿರಲಿಲ್ಲ. ಬೆನ್ನ ಹಿಂದೆ ಹೋಗುತ್ತಲೇ ಇರಲಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಹೆಚ್ಚಾಗಿ ಬರುವ ತೊಂದರೆ ಇದು, ಫ್ರೋಜನ್ ಶೋಲ್ಡರ್ ಎನ್ನುತ್ತಾರೆ, ಅತ್ತೆಗೆ ಸಕ್ಕರೆ ಮೊದಲೇ ಇತ್ತು. ಕೀಲಿನ ಸುತ್ತಲಿನ ಚೀಲ ಕುಗ್ಗಿ ಬಿಗಿಯಾಗುತ್ತದೆ. ಅವರಿಗೆ ತಿಳಿಯುವಂತೆ ಹೇಳಬೇಕೆಂದು, “ತೊಳದ ಮ್ಯಾಲ ಕುಗ್ಗಿದ ಕುಬಸದಂಗ ಅತ್ತಿ, ತೋಳ ಬಿಗಿ ಆಗೇತಿ,” ಎಂದೆ.

“ನಮ್ಮ ಅಂಗಡ್ಯಾಗ ಕುಗ್ಗೂ ಅರಿವಿ ಮಾರಂಗಿಲ್ಲ,” ಎಂದರು ಅತ್ತೆ, ಗಂಭೀರವಾಗಿ. “ಅದೆಲ್ಲ ಇರ್ಲಿ. ನೀ ಕಾಲ ಮುಟ್ಟಸು.”

“ಅದು ಟೊಂಕಕ್ಕ ಅತ್ತಿ, ಹೆಗಲಿಗೆ ಅಲ್ಲ.”

ನನ್ನ ಮಾತು ಕೇಳಿ ನನಗೇ ಆಶ್ಚರ್ಯವಾಯಿತು. ನಂಬಿಕೆಯೇ ಇಲ್ಲದ ವಿಷಯದಲ್ಲಿ ನಾನು ವ್ಯಾಪ್ತಿಯ ಪ್ರಶ್ನೆ ಎತ್ತಿದ್ದೆ. ಅತ್ತೆ ಬಿಡಲಿಲ್ಲ. “ಟೊಂಕದಾಗ ಇರೂದೂ ಎಲುಬ, ಹೆಗಲಾಗ ಇರೂದೂ ಎಲುಬ. ನಿನ್ನ ಕಾಲಿಗೇನ ತಾಲೂಕ ಐತೇನು, ಗಡಿ ದಾಟಂಗಿಲ್ಲ ಅನ್ನಾಕ?”

ಚಾಪೆ ಹಾಸಿಯಾಯಿತು. ಅತ್ತೆ ಬೋರಲು ಮಲಗಿದರು. ನಾನು ಗೋಡೆ ಹಿಡಿದು, ಬಲಗಾಲಿನ ಹಿಮ್ಮಡಿಯನ್ನು ಅವರ ಹೆಗಲಿಗೆ ಮೆಲ್ಲಗೆ ತಾಕಿಸಿದೆ. ಸುಜಾತಕ್ಕ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ಅತ್ತಿ ಮೈಗೆ ಕಾಲ ಹಚ್ಚಾಕೂ ಪುಣ್ಯಾ ಬೇಕ್ರಿ,” ಎಂದಳು. “ನಮ್ಮವ್ವ ನನ್ನ ತಲಿ ಮುಂದ ಮಾಡಿ ಹಡದು ಕೆಲಸಾ ಕೆಡಿಸಿದ್ಲು.”

“ಕೇಳಸ್ತೈತಿ ನನಗ,” ಎಂದಿತು ಚಾಪೆಯಿಂದ ಧ್ವನಿ.

“ಕೇಳ್ಲಿ ಅಂತಾನ ಅಂದೆ ರೀ.”

ಆಮೇಲೆ ನಾನು ನಮಸ್ಕಾರ ಮಾಡಿ, ದಿನವೂ ಮಾಡಬೇಕಾದ ವ್ಯಾಯಾಮಗಳನ್ನು ತೋರಿಸಿಕೊಟ್ಟೆ. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ಕುತ್ತಿಗೆಯ ಬೀಸುಕಲ್ಲು ಚೆನ್ನಾಗಿಯೇ ತಿರುಗುತ್ತಿತ್ತು. ಹೊರಡುವಾಗ ಅವರು ನನ್ನ ಕೆನ್ನೆಗಳನ್ನು ಸವರಿ ತಮ್ಮ ಹಣೆಗೆ ಬೆರಳುಗಳನ್ನು ಒತ್ತಿ ಲಟಿಕೆ ಮುರಿದು ದೃಷ್ಟಿ ತೆಗೆದರು. ಬಲಗೈ ಏಳದಿದ್ದ ಕಾರಣ ಎಡಗೈಯಿಂದ ಮಾತ್ರ ಸದ್ದು ಬಂತು. ಲಟಿಕೆಯ ಸದ್ದು ಎಲುಬಿನದಲ್ಲ. ಬೆರಳಿನ ಕೀಲಿನ ಚೀಲವನ್ನು ತಟ್ಟನೆ ಹಿಗ್ಗಿಸಿದಾಗ ಒಳಗಿನ ದ್ರವದಲ್ಲಿ ಗಾಳಿಗುಳ್ಳೆ ಏಳುವುದರಿಂದ ಬರುವುದು. ಗುಳ್ಳೆ ಕರಗುವವರೆಗೆ ಅದೇ ಬೆರಳು ಮತ್ತೆ ಸದ್ದು ಮಾಡುವುದಿಲ್ಲ. ಒಂದೇ ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ಕೊನೆಯವರಿಗೆ ದೃಷ್ಟಿ ಸರಿಯಾಗಿ ಇಳಿಯದೆ ಹೋಗುವುದಕ್ಕೆ ಇದೇ ಕಾರಣವಿರಬೇಕು. ನನಗೆ ಆ ದಿನ ಅರ್ಧ ದೃಷ್ಟಿ ಇಳಿಯಿತು.

ಮುಂದಿನ ಕೆಲವು ವಾರ ಫೋನಿನಲ್ಲಿ ಕೇಳಿದಾಗಲೆಲ್ಲ “ಛಲೋ ಐತಿ” ಎಂಬ ಉತ್ತರ. ಒಂದು ಭಾನುವಾರ ಕುಕನೂರಿನ ಮೇಲೆ ಹಾಯುವ ಬಸ್ಸಿನಲ್ಲಿ ಯಲಬುರ್ಗಾಕ್ಕೆ ಹೋದೆ. ಅತ್ತೆ ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಹಳೆಯ ಇಳಕಲ್ ಸೀರೆಯ ತುಂಡಿನಿಂದ ಬಲಗೈಯನ್ನು ಎದೆಗೆ ಅವುಚಿ ಕಟ್ಟಲಾಗಿತ್ತು. ಕೈ ಕದಲದಂತೆ ಅಡಿಯಲ್ಲಿ ಒಂದು ದಿಂಬು ಬೇರೆ.

“ಅತ್ತಿ, ಇದೇನ್ರಿ?”

“ನೀನ ಕಾಲ ಮುಟ್ಟಿಸಿ ಹೋಗೀಯಲ್ಲ. ಅದು ಹಿಡೀಬೇಕೋ ಬ್ಯಾಡೋ?”

“ನಾ ಕೈ ಆಡಸ್ರಿ ಅಂತ ಹೇಳಿದ್ದೆ.”

“ಮಸರಿಗೆ ಹೆಪ್ಪ ಹಾಕಿದ ಮ್ಯಾಲ ಗಡಿಗಿ ಅಲ್ಲಾಡಸ್ತಾರೇನ ಹುಚ್ಚಿ?” ಎಂದರು ಅತ್ತೆ. ಅವರ ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ನನ್ನ ಕಾಲಿನ ಗುಣ ಹೆಗಲಿನಲ್ಲಿ ಕೂಡಬೇಕಾದರೆ ಹೆಗಲು ಅಲ್ಲಾಡಬಾರದು. ಅದಕ್ಕಾಗಿ ವ್ಯಾಯಾಮವನ್ನು ಮುಂದೂಡಿ, ಅಂದಿನಿಂದ ಕೈಯನ್ನು ಕಟ್ಟಿಹಾಕಿದ್ದರು.

ಹೆಪ್ಪು ಚೆನ್ನಾಗಿಯೇ ಹಿಡಿದಿತ್ತು. ಕಟ್ಟು ಬಿಚ್ಚಿ ನೋಡಿದರೆ ತೋಳು ಮೊದಲಿನಷ್ಟೂ ಏಳುತ್ತಿರಲಿಲ್ಲ. ಕೀಲುಗಳ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ ಒಂದಿದೆ. ಕೀಲಿನೊಳಗಿನ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಅದು ನೆನೆದ ಅರಳೆಯಂತೆ, ಒತ್ತಿದಾಗ ದ್ರವ ಬಿಟ್ಟು, ಬಿಟ್ಟಾಗ ಹೀರಿಕೊಂಡು, ಚಲನೆಯಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಅಂದರೆ ಆಡಿಸದ ಕೀಲು ಉಪವಾಸ ಬೀಳುತ್ತದೆ. ನನ್ನ ಕಾಲನ್ನು ನಂಬಿ ಅತ್ತೆ ತಮ್ಮ ಹೆಗಲನ್ನು ಉಪವಾಸ ಕೆಡವಿದ್ದರು. ಈವರೆಗೆ ನನ್ನ ಕಾಲಿನಿಂದ ಯಾರಿಗೂ ಗುಣವಾಗಿಲ್ಲ ಎಂದುಕೊಂಡಿದ್ದೆ. ಕೆಡುಕಾಗಬಹುದು ಎಂದು ಯೋಚಿಸಿರಲಿಲ್ಲ.

ಅತ್ತೆಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಈ ತೊಂದರೆ ಬಹಳ ಜನರಲ್ಲಿ ನಿಧಾನವಾಗಿ ಸಡಿಲವಾಗುತ್ತದೆ, ಆದರೆ ಹೀಗೆ ಕಟ್ಟಿಟ್ಟರೆ ಕೈ ಮತ್ತೆ ತುರುಬಿನ ಎತ್ತರಕ್ಕೆ ಬಾರದೆಯೂ ಹೋಗಬಹುದು ಎಂದೆ. ಅತ್ತೆ ಅಂಗಡಿಯ ಹಿಂಬಾಗಿಲಲ್ಲಿ ನಿಂತಿದ್ದ ಸುಜಾತಕ್ಕನತ್ತ ನೋಡಿ, “ಹಂಗಾರ ಕಾಯಂ ಇಕಿ ಕೈಯಾಗ?” ಎಂದರು. ಸುಜಾತಕ್ಕ ಒಂದು ಸೀರೆಯ ಮಡಿಕೆ ಸರಿಮಾಡತೊಡಗಿದಳು. ಅದು ಆಗಲೇ ಸರಿಯಾಗಿ ಮಡಿಚಿಟ್ಟ ಸೀರೆ.

ಪುಸ್ತಕದ ಮಾತು ಹೇಳಿ ಉಪಯೋಗವಿಲ್ಲ ಎಂದು ಗೊತ್ತಿತ್ತು. ಸುಳ್ಳು ಹೇಳುವುದು ನನಗೆ ಒಗ್ಗುವುದಿಲ್ಲ. ಕೊನೆಗೆ ಹೀಗೆಂದೆ: “ಅತ್ತಿ, ನಾ ಬಂದಾಗೊಮ್ಮೆ ಕಾಲ ಮುಟ್ಟಸ್ತೀನಿ. ಮುಟ್ಟಿಸಿದ ಮ್ಯಾಲ ನೀವು ದಿನಾ ಕೈ ಆಡಸಬೇಕು.”

“ಆಡಸದಿದ್ದರ?”

“ಕೈ ಏಳಂಗಿಲ್ಲ.”

ಹೇಳಿದ್ದು ಮೂರೂ ನಿಜವೇ. ಅವುಗಳ ನಡುವಿನ ಸಂಬಂಧವನ್ನು ಮಾತ್ರ ಅತ್ತೆ ತಾವೇ ಕಲ್ಪಿಸಿಕೊಂಡರು. “ಪಥ್ಯಾ ಅಂತ ಮದಲ ಹೇಳೂದಲ್ಲ,” ಎಂದು ನನ್ನನ್ನೇ ಬೈದರು.

ಪಥ್ಯ ಶುರುವಾಯಿತು. ಬಾಗಿ ನಿಂತು ತೋಳನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವುದು. ಟವೆಲನ್ನು ಬೆನ್ನ ಹಿಂದೆ ಹಿಡಿದು ಮಜ್ಜಿಗೆ ಕಡೆಯುವ ಹಗ್ಗದಂತೆ ಎರಡೂ ಕೈಯಿಂದ ಎಳೆಯುವುದು. ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಇರುವೆಯಂತೆ ನಡೆಸುತ್ತಾ ಮೇಲೇರುವುದು. ಉಸ್ತುವಾರಿ ಸುಜಾತಕ್ಕನದು. ಅಂಗಡಿಯ ಉಗ್ರಾಣದ ಗೋಡೆಯ ಮೇಲೆ ಬೆರಳು ತಲುಪಿದ ಎತ್ತರಕ್ಕೆ ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ಮೊಬೈಲಿಗೆ ವಿಡಿಯೊ ಕಳಿಸುತ್ತಿದ್ದಳು. ಅದರಲ್ಲಿ ಕಾಣುವುದು ಗೋಡೆ, ಐದು ಬೆರಳು, ಮತ್ತು ಹಿಂದಿನಿಂದ ಅವಳ ಧ್ವನಿ: “ಇನ್ನೊಂದೀಟ ಅತ್ತಿ, ಅಲ್ಲಿ ಹಲ್ಲಿ ಐತಿ ನೋಡ್ರಿ, ಅದನ್ನ ಮುಟ್ಟರಿ.” “ನಿನ್ನ ಮುಟ್ಟತೀನಿ ತಡಿ, ಕೈ ನೆಟ್ಟಗಾಗ್ಲಿ,” ಎಂದು ಅತ್ತೆಯ ಉತ್ತರ. ಕೆಲವು ವಾರ ಗೆರೆ ಏರಿತು. ಆಮೇಲೆ ಎಷ್ಟೋ ದಿನ ಒಂದೇ ಕಡೆ ನಿಂತಿತು. ಆಗ ವಿಡಿಯೊಗಳಲ್ಲಿ ತಮಾಷೆ ನಿಂತುಹೋಗಿ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ನೋವು ಎಷ್ಟಿದೆ ಎಂದು ಕೇಳಿದರೆ ಅತ್ತೆ ಹೇಳುವವರಲ್ಲ.

ಆ ನಿಂತುಹೋದ ದಿನಗಳಲ್ಲೇ ಒಮ್ಮೆ ಬೇಸರ ಕಳೆಯಲೆಂದು ಮೂವರೂ ಇಟಗಿಯ ಹಳೆಯ ಕಲ್ಲುಗುಡಿಗೆ ಹೋದೆವು. ಗುಡಿಯ ನುಣ್ಣನೆಯ ಕಂಬಗಳ ನಡುವೆ ನಾನು ಎಂದಿನಂತೆ ಶಿಲ್ಪಗಳ ಕೀಲುಗಳನ್ನೇ ನೋಡುತ್ತಿದ್ದೆ. ಹಳೆಯ ಶಿಲ್ಪಗಳಲ್ಲಿ ಮುರಿದದ್ದು ಹೆಚ್ಚಾಗಿ ಮಣಿಕಟ್ಟು, ಮೊಣಕೈ, ಕತ್ತು. ಬಾಗಿದ ಭಂಗಿಯನ್ನು ಶಿಲ್ಪಿ ಎಷ್ಟು ಚಂದ ಕೆತ್ತಿದರೂ ಬಾಗುವ ಗುಣವನ್ನು ಕಲ್ಲಿಗೆ ಕೊಡಲಾಗುವುದಿಲ್ಲ. ಬಾಗಲಾರದ್ದು ಪೆಟ್ಟು ಬಿದ್ದಾಗ, ಬಾಗಬೇಕಿದ್ದ ಜಾಗದಲ್ಲೇ ಮುರಿಯುತ್ತದೆ. ಈ ವಿಚಾರವನ್ನು ಹೇಳೋಣವೆಂದು ತಿರುಗಿದರೆ ಅತ್ತೆ ತೋಳೆತ್ತಿ ನಿಂತ ಒಬ್ಬ ಕಲ್ಲಿನ ನರ್ತಕಿಯನ್ನು ನೋಡುತ್ತಿದ್ದರು.

“ಎಷ್ಟ ವರ್ಷದಿಂದ ಕೈ ಎತ್ತಿ ನಿಂತಾಳ ನೋಡ ಇಕಿ. ಒಂದ ಸಲನೂ ಇಳಿಸಿಲ್ಲ.”

“ಇಳಿಸಾಕ ಬರಂಗಿಲ್ಲಲ್ರಿ ಅತ್ತ್ಯಾರ, ಪಾಪ,” ಎಂದಳು ಸುಜಾತಕ್ಕ. “ನಿಮ್ಮದು ಏಳವಲ್ದು, ಅಕಿದು ಇಳೀವಲ್ದು. ಇಬ್ಬರೂ ಅಷ್ಟ.”

ಅತ್ತೆ ನಕ್ಕರು. ಸೊಸೆಯ ಮಾತಿಗೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಶಿಲ್ಪವಿಚಾರವನ್ನು ನನ್ನಲ್ಲೇ ಇಟ್ಟುಕೊಂಡೆ.

ಹಿಂದಿನ ದಿನವೇ ಹೋಗಿ ಅವರ ಮನೆಯಲ್ಲಿ ಉಳಿದಿದ್ದ ಒಂದು ಭಾನುವಾರ, ಬೆಳಿಗ್ಗೆ ಪಡಸಾಲೆಗೆ ಬಂದಾಗ ಅತ್ತೆ ಗೋಡೆಗೆ ಮುಖ ಮಾಡಿ ಚಾಪೆಯ ಮೇಲೆ ಕೂತಿದ್ದರು. ಹಿಂದೆ ಮಣೆಯ ಮೇಲೆ ಸುಜಾತಕ್ಕ, ಕೈಯಲ್ಲಿ ಹಣಿಗೆ. ಅತ್ತೆಯ ಬಿಚ್ಚಿದ ಕೂದಲು ಅಷ್ಟು ಉದ್ದವಿದೆಯೆಂದು ನನಗೆ ಗೊತ್ತಿರಲಿಲ್ಲ. ಒಳಗೆ ಹೋಗುವುದೋ ಬಿಡುವುದೋ ಎಂದು ಬಾಗಿಲಲ್ಲೇ ನಿಂತೆ.

“ಈ ಸಲ ಕುಬಸದ ಅರಿವಿ ನಾನ ಆರಿಸಿ ತರ್ಲೇನ್ರಿ?” ಎಂದಳು ಸುಜಾತಕ್ಕ, ಸಿಕ್ಕು ಬಿಡಿಸುತ್ತಾ.

ಇದು ಆ ಮನೆಯಲ್ಲಿ ಹಳೆಯ ವ್ಯಾಜ್ಯ. ಅಂಗಡಿಯ ಖರೀದಿಗೆ ಸೊಸೆ ಕೈಹಾಕಬಾರದು ಎನ್ನುವುದು ಅತ್ತೆಯ ಹಟ. ಎದುರುಬದುರು ನಿಂತು ಇಬ್ಬರೂ ದನಿ ಏರಿಸಿದ್ದನ್ನು ನಾನೇ ಕೇಳಿದ್ದೆ. ಈಗ ಗೋಡೆಯ ಕಡೆಯಿಂದ ಶಾಂತವಾಗಿ ಉತ್ತರ ಬಂತು: “ತಾ. ಕಂದ ಬಣ್ಣ ಭಾಳ ತರಬ್ಯಾಡ, ಹೋಗಂಗಿಲ್ಲ.”

“ಆತ್ರಿ.”

“ಮತ್ತ ಸುಜಾತಾ… ನೀ ಹಡದಾಗ ನಾ ಅಂದದ್ದು ಮನಸಿನ್ಯಾಗ ಇಟಗೋಬ್ಯಾಡ.”

ಹಣಿಗೆ ಒಂದು ಕ್ಷಣ ನಿಂತು ಮತ್ತೆ ಇಳಿಯಿತು. ಏನು ಅಂದಿದ್ದರು ಎಂದು ನನಗೆ ಗೊತ್ತಿಲ್ಲ. ಕೇಳುವುದೂ ನನ್ನ ಸ್ವಭಾವವಲ್ಲ. ನಾನು ಹಿಂದೆ ಸರಿದು ಅಡಿಗೆಮನೆಯ ಕಡೆ ಹೋದೆ. ಚಿಕಿತ್ಸಾಲಯದಲ್ಲೂ ಇದನ್ನು ಗಮನಿಸಿದ್ದೇನೆ. ಎದುರಿನ ಕುರ್ಚಿಯಲ್ಲಿ ಕೂತು “ಏನಿಲ್ರಿ” ಎನ್ನುವವರು ಬೋರಲು ಮಲಗಿ ಮುಖ ಕಾಣದಂತಾದ ಮೇಲೆ ಮನೆಯ ಕಥೆಯನ್ನೆಲ್ಲ ಹೇಳುತ್ತಾರೆ. ಕೆಲವು ಮಾತುಗಳಿಗೆ ಕಣ್ಣು ಅಡ್ಡ ಬರುತ್ತದೆ. ಒಬ್ಬರ ಬೆನ್ನು ಇನ್ನೊಬ್ಬರ ಕೈಗೆ ಸಿಕ್ಕಾಗಷ್ಟೇ ಅವು ಹೊರಬರುತ್ತವೆ. ಮಾತು ಕಡಿಮೆಯಿರುವ ನನ್ನಂಥವಳಿಗೆ ಇದು ಬೇಗ ಅರ್ಥವಾಗುತ್ತದೆ.

ಹೆಗಲು ಸಡಿಲವಾಗಲು ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಹಿಡಿಯಿತು. ಅದು ವ್ಯಾಯಾಮದಿಂದಲೋ, ಕಾಲದ ಗುಣದಿಂದಲೋ ಎಂದು ಖಚಿತವಾಗಿ ಹೇಳಲಾರೆ. ಕಾಲಿನ ಗುಣದಿಂದ ಎಂದು ಹೇಳಲು ಯಲಬುರ್ಗಾದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಕೊನೆಯ ತಪಾಸಣೆಗೆ ಇಬ್ಬರೂ ಕೊಪ್ಪಳಕ್ಕೆ ಬಂದಿದ್ದರು. ಸುಜಾತಕ್ಕ ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗೆ ನಾನು ಕೋನಮಾಪಕ ಇಟ್ಟು ಅಳೆದೆ. ತೋಳು ಮುಂದಕ್ಕೆ ಎದ್ದಿತು, ಪಕ್ಕಕ್ಕೆ ಎದ್ದಿತು, ಹೊರಕ್ಕೆ ತಿರುಗಿ ಕತ್ತಿನ ಹಿಂದೆ ಸಲೀಸಾಗಿ ಹೋಯಿತು.

“ಅತ್ತಿ, ಇನ್ನ ನಿಮ್ಮ ತುರುಬು ನೀವ ಕಟಗೋಬಹುದು,” ಎಂದೆ.

ಅತ್ತೆ ನನ್ನತ್ತ ನೋಡಲಿಲ್ಲ. ಕನ್ನಡಿಯ ಮುಂದೆ ನಿಂತು, ಪಿನ್ನುಗಳನ್ನು ತೆಗೆದು ಬಾಯಲ್ಲಿ ಕಚ್ಚಿಕೊಂಡು, ಕೂದಲನ್ನು ಒಟ್ಟುಮಾಡಿ ಎರಡು ಕೈಗಳನ್ನೂ ಹಿಂದೆ ಒಯ್ದರು. ಸುತ್ತಿ, ಬಿಗಿದು, ಪಿನ್ನು ಸಿಕ್ಕಿಸಿದರು. ನಟ್ಟನಡುವೆ, ಒಂದು ಕೂದಲೂ ಆಚೀಚೆ ಆಗದ ತುರುಬು. ಪಕ್ಕಕ್ಕೆ ತಿರುಗಿ ಒಮ್ಮೆ ನೋಡಿಕೊಂಡರು. ನಾನು ಅವರಿಗಿಂತ ಹೆಚ್ಚು ಸಂತೋಷಪಟ್ಟಿರಬೇಕು. ಅದು ಮುಖದಲ್ಲಿ ಕಾಣದಿರಲೆಂದು ಉಪಕರಣಗಳನ್ನು ಎತ್ತಿಡತೊಡಗಿದೆ. ತಿರುಗಿ ನೋಡಿದರೆ ಅತ್ತೆ ಪಿನ್ನುಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಕೂದಲು ಬೆನ್ನಿನ ಮೇಲೆ ಇಳಿಯಿತು.

“ಯಾಕ ಬಿಚ್ಚಿದ್ರಿ?”

“ಬರತೈತೋ ಇಲ್ಲೋ ನೋಡಿದೆ. ಬರತೈತಿ. ಸಾಕ.” ಬಾಗಿಲ ಹತ್ತಿರ ನಿಂತು ದನಿ ತಗ್ಗಿಸಿದರು. “ಅಕಿಗೆ ಹೇಳಬ್ಯಾಡ.”

ರೋಗಿಯ ವಿಷಯವನ್ನು ಹೊರಗೆ ಹೇಳದಿರುವುದು ನಮ್ಮ ವೃತ್ತಿಯ ನಿಯಮ. ಪಾಲಿಸಲು ಅಷ್ಟು ಸುಲಭವಾದ ಸಂದರ್ಭ ನನಗೆ ಮತ್ತೆ ಸಿಕ್ಕಿಲ್ಲ.

“ಪರೀಕ್ಷಾ ಮಾಡೂಮುಂದ ತುರಬ ಬಿಚ್ಚಿತ ನೋಡ, ಬಾ, ಕಟ್ಟ,” ಎಂದು ಅತ್ತೆ ಹೊರಗೆ ಬಂದು ಸುಜಾತಕ್ಕನ ಬೆಂಚಿನ ತುದಿಯಲ್ಲಿ ಬೆನ್ನು ಮಾಡಿ ಕೂತರು. ಸುಜಾತಕ್ಕ ಚೀಲದಿಂದ ಹಣಿಗೆ ತೆಗೆದಳು. ಕೂದಲನ್ನು ಕೈಗೆ ತೆಗೆದುಕೊಂಡವಳು ಹಾಗೇ ತಡೆದಳು. ಆಗತಾನೆ ಬಿಚ್ಚಿದ ಕೂದಲಿನಲ್ಲಿ ಸುತ್ತಿದ ಗುರುತು ಇನ್ನೂ ಉಳಿದಿತ್ತು. ಅವಳು ಯಾವಾಗಲೂ ತುರುಬನ್ನು ಎಡಕ್ಕೆ ಸುತ್ತುತ್ತಾಳೆ. ಈ ಸುತ್ತು ಬಲಕ್ಕಿತ್ತು. ಬೆರಳಿನಿಂದ ಆ ಸುರುಳಿಯನ್ನು ಒಮ್ಮೆ ಹಿಡಿದು ನೋಡಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಬಾಗಿಲಲ್ಲೇ ನಿಂತು ಒಳಗೋಡೆಯ ಮೇಲಿನ ನನ್ನ ಪದವಿಪತ್ರವನ್ನು ಓದತೊಡಗಿದೆ.

“ಕೈ ಹೆಂಗೈತ್ರಿ ಅತ್ತಿದು?” ಎಂದಳು, ಅತ್ತೆಗೆ ಕೇಳುವಂತೆ.

“ಸುಧಾರಿಸೇತಿ,” ಎಂದೆ.

“ಆದರೂ ಇನ್ನ ಕೆಲವ ದಿನ ನಾನ ಕಟ್ಟಬೇಕಾಗತೈತಿ, ಅಲ್ರೀ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗೋಡೆಗೆ ಹೇಳಿದರು: “ಅಕಿನ್ನೇನ ಕೇಳ್ತಿ? ಕೈ ನಂದು. ಕಟ್ಟು.”

“ತಲಿ ಬಗ್ಗಸ್ರಿ ಹಂಗಾರ,” ಎಂದಳು ಸುಜಾತಕ್ಕ. ಕೂದಲನ್ನು ಎರಡು ಸಲ ಕೊಡವಿ, ಆ ಬಲಸುತ್ತಿನ ಗುರುತು ಪೂರಾ ಹೋಗುವವರೆಗೆ ಮೆಲ್ಲಗೆ ಹಿಕ್ಕಿದಳು.

ಯಾವುದೇ ಕೀಲನ್ನು ನಾವು ಎರಡು ಸಲ ಅಳೆಯುತ್ತೇವೆ. ರೋಗಿ ತಾನಾಗಿ ಆಡಿಸಿದಾಗ ಎಷ್ಟು ದೂರ ಹೋಗುತ್ತದೆ ಎಂದು ಒಮ್ಮೆ, ಇನ್ನೊಬ್ಬರು ಹಿಡಿದು ಆಡಿಸಿದಾಗ ಎಷ್ಟು ಎಂದು ಇನ್ನೊಮ್ಮೆ. ಯಾವ ತೊಂದರೆಯೂ ಇಲ್ಲದ ಕೀಲಿನಲ್ಲೂ ಎರಡನೆಯದು ಮೊದಲನೆಯದಕ್ಕಿಂತ ತುಸು ಹೆಚ್ಚೇ ಇರುತ್ತದೆ. ಓದುವಾಗ, ಪರೀಕ್ಷೆಯಲ್ಲಿ ಕೇಳಬಹುದು ಎಂದುಕೊಂಡು, ಪುಸ್ತಕದ ಆ ಸಾಲಿನ ಕೆಳಗೆ ನಾನು ಗೆರೆ ಎಳೆದಿದ್ದೆ.